ಕ್ರೀಟ್ ಬೆಟ್ಟ ಹತ್ತಿದವರ ಜಾಡು ಹಿಡಿದು

ಎರಡನೇ ಮಹಾಯುದ್ಧದಲ್ಲಿ, 1941ರ ಜೂನ್ 1ರ ಹೊತ್ತಿಗೆ ಗ್ರೀಸಿನ ಕ್ರೀಟ್ ದ್ವೀಪ ಜರ್ಮನರ ಕೈಸೇರಿತ್ತು. ದಕ್ಷಿಣ ತೀರದ ಸ್ಫಾಕಿಯಾದಿಂದ ಬ್ರಿಟಿಷ್ ನೌಕಾಪಡೆ ರಾತ್ರೋರಾತ್ರಿ ತನ್ನ ಕಡೆಯ ಸಾವಿರಾರು ಸೈನಿಕರನ್ನು ಈಜಿಪ್ಟಿಗೆ ಸಾಗಿಸಿತ್ತು. ಹಡಗು ಸಿಗದೆ ಅಲ್ಲೇ ಉಳಿದವರು ಸುಮಾರು 5,000. ಹೆಚ್ಚಿನವರು ಶರಣಾದರು, ಕೆಲವು ನೂರು ಜನ ಬೆಟ್ಟ ಹತ್ತಿದರು. ನಾನು ಹುಡುಕುವುದು ಈ ಬೆಟ್ಟ ಹತ್ತಿದವರನ್ನು. ಅವರಿಗಿಂತ ಜಾಸ್ತಿ, ಅವರನ್ನು ಒಳಗೆ ಕರೆದು ಊಟ ಹಾಕಿದವರನ್ನು. ಸೈನಿಕನ ಹೆಸರು ಹೇಗೋ ಸಿಗುತ್ತದೆ. ಊಟ ಹಾಕಿದವರ ಹೆಸರು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಇಡೀ ದ್ವೀಪದ ಕಥೆ ಹಿಡಿದು ಹೊರಟರೆ ಕೆಲಸ ಸಾಗದು. ಒಬ್ಬನನ್ನು ಆರಿಸಿಕೊಳ್ಳಬೇಕು. ನಾನು ಆರಿಸಿಕೊಂಡಿದ್ದು ಪಶ್ಚಿಮ ಆಸ್ಟ್ರೇಲಿಯಾದ 2/11ನೇ ಬೆಟಾಲಿಯನ್‌ನ ಒಬ್ಬ ಸಿಪಾಯಿಯನ್ನು. ಈ ದಳ ಉತ್ತರ ತೀರದ ರೆತಿಮ್ನೋದಲ್ಲಿತ್ತು. ಮೇ 30ರಂದು ಸೋಲು ಖಚಿತವಾದಾಗ ಜೊತೆಯಲ್ಲಿದ್ದ 2/1ನೇ ಬೆಟಾಲಿಯನ್‌ನ ಕಮಾಂಡರ್ ಶರಣಾಗಲು ನಿರ್ಧರಿಸಿದರು. 2/11ರ ಮೇಜರ್ ಸ್ಯಾಂಡೋವರ್ ಮಾತ್ರ, ಬೇಕಾದವರು ಬೆಟ್ಟಕ್ಕೆ ಹೋಗಬಹುದು ಎಂದು ತಮ್ಮ ಹುಡುಗರಿಗೆ ಹೇಳಿ ತಾವೂ ಹೊರಟರು. ಅದಕ್ಕೇ ತಪ್ಪಿಸಿಕೊಂಡವರಲ್ಲಿ ಈ ದಳದವರು ಮತ್ತೆ ಮತ್ತೆ ಎದುರಾಗುತ್ತಾರೆ.

ಮೊದಲು ನೋಡಿದ್ದು ಸೇನಾ ದಾಖಲೆ. ಆಸ್ಟ್ರೇಲಿಯಾದ ನ್ಯಾಷನಲ್ ಆರ್ಕೈವ್ಸ್ ಇವನ್ನು ಸ್ಕ್ಯಾನ್ ಮಾಡಿ ಪುಕ್ಕಟೆ ಇಟ್ಟಿದೆ. ಸರಣಿಯ ಹೆಸರು ಬಿ883. ಅದರಲ್ಲಿ ಇಡೀ ಬದುಕೇ ಒಂದೊಂದು ಸಾಲು. ಒಂದು ಸಾಲಿನಲ್ಲಿ ‘ಕಾಣೆ’, ಕೆಲವು ಸಾಲು ಕೆಳಗೆ ‘ಈಜಿಪ್ಟಿಗೆ ವಾಪಸ್’. ಆ ಎರಡು ತಾರೀಖುಗಳ ನಡುವೆ ಏನಾಯಿತು ಅನ್ನುವುದೇ ನನ್ನ ಕೆಲಸ.

ಅದಕ್ಕೆ ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ಗೆ ಹೋಗಬೇಕು. ತಪ್ಪಿಸಿಕೊಂಡು ಬಂದವರ ಹೇಳಿಕೆ ಪಡೆಯುತ್ತಿದ್ದುದು ಎಂಐ9 ಎಂಬ ಬ್ರಿಟಿಷ್ ಗುಪ್ತಚರ ವಿಭಾಗ. ಅದರ ವರದಿಗಳು ಡಬ್ಲ್ಯೂಓ 208 ಸರಣಿಯಲ್ಲಿವೆ. ಒಳಗೆ ಪೆನ್ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಫೋಟೋ ತೆಗೆಯಬಹುದು, ಕಾಸಿಲ್ಲ. ನಾನು ಮೊದಲು ಎಲ್ಲ ಪುಟಗಳ ಫೋಟೋ ತೆಗೆದು, ಓದುವುದನ್ನು ಮನೆಗೆ ಇಟ್ಟುಕೊಳ್ಳುತ್ತೇನೆ. ಏಕೆಂದರೆ ಈ ವರದಿಗಳನ್ನು ನಕ್ಷೆ ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ನನ್ನ ಸಿಪಾಯಿಯ ಹೇಳಿಕೆಯಲ್ಲಿ ತಾರೀಖುಗಳೇ ಇಲ್ಲ ಎನ್ನಬಹುದು. ಒಂದು ಹಳ್ಳಿಯಲ್ಲಿ ಪಾದ್ರಿಯ ಹೆಂಡತಿ ಬ್ರೆಡ್ ಕೊಟ್ಟರು. ಕಣದಲ್ಲಿ ಒಕ್ಕಣೆ ನಡೆದಿತ್ತು. ಮುಂದೆ ಎಲ್ಲೋ ದ್ರಾಕ್ಷಿ ಕಿತ್ತು ತಿಂದರು. ಕೊನೆಗೆ ಕಗ್ಗತ್ತಲ ರಾತ್ರಿ ಸಬ್‌ಮರೀನ್ ಹತ್ತಿದರು. ಇಷ್ಟೇ. ಆದರೆ ಇಷ್ಟು ಸಾಕು. ಕ್ರೀಟ್‌ನಲ್ಲಿ ಒಕ್ಕಣೆ ಬೇಸಿಗೆಯ ಮೊದಲ ಭಾಗದ ಕೆಲಸ, ದ್ರಾಕ್ಷಿ ಹಣ್ಣಾಗುವುದು ಆಗಸ್ಟಿನ ಹೊತ್ತಿಗೆ. ಬೇಸಾಯ ಕಂಡವರಿಗೆ ಇದು ತಾರೀಖು ಬರೆದಿಟ್ಟ ಹಾಗೇ.

ಇನ್ನು ಕಗ್ಗತ್ತಲು. ಆ ಬೇಸಿಗೆ ದಕ್ಷಿಣ ತೀರದ ಪ್ರೆವೆಲಿ ಮಠದ ಕೆಳಗಿನ ಕಡಲಂಚಿಗೆ ಎರಡು ಸಬ್‌ಮರೀನ್ ಬಂದವು. ಜುಲೈ ಕೊನೆಯಲ್ಲಿ ‘ಥ್ರ್ಯಾಷರ್’ 78 ಜನರನ್ನು ಕರೆದೊಯ್ದಿತು. ಆಗಸ್ಟಿನಲ್ಲಿ ‘ಟೋರ್‌ಬೇ’ ನೂರಕ್ಕೂ ಹೆಚ್ಚು ಜನರನ್ನು. ನಾನು ಹಳೆಯ ಚಂದ್ರನ ಲೆಕ್ಕ ತೆಗೆದು ನೋಡಿದೆ. ಆ ವರ್ಷ ಅಮಾವಾಸ್ಯೆ ಬಿದ್ದಿದ್ದು ಜುಲೈ 24ಕ್ಕೆ ಮತ್ತು ಆಗಸ್ಟ್ 22ಕ್ಕೆ. ಎರಡೂ ಸಲ ಹಡಗು ಬಂದಿದ್ದು ಅಮಾವಾಸ್ಯೆಯ ಆಸುಪಾಸಿನಲ್ಲೇ. ದ್ರಾಕ್ಷಿ ತಿಂದ ನಮ್ಮವನು ಟೋರ್‌ಬೇ ಹತ್ತಿರಬೇಕು ಅನ್ನಿಸಿತು. ಸಬ್‌ಮರೀನ್ ಲಾಗ್‌ಗಳು ಎಡಿಎಂ 173 ಸರಣಿಯಲ್ಲಿವೆ. ಅವುಗಳ ಜೊತೆ ಸೇನಾ ದಾಖಲೆಯ ‘ವಾಪಸ್’ ತಾರೀಖನ್ನು ಇಟ್ಟು ನೋಡಿದಾಗ ಲೆಕ್ಕ ಕೂಡಿಬಂತು.

ಪ್ರೆವೆಲಿಯಲ್ಲಿ ಇವರನ್ನೆಲ್ಲ ಕಾಪಾಡಿದವರು ಮಠದ ಮುಖ್ಯಸ್ಥರಾದ ಅಗಾಥಾಂಗೆಲೋಸ್ ಲಗೂವಾರ್ಡೋಸ್. ಥ್ರ್ಯಾಷರ್‌ನಿಂದ ಇಳಿದು ಜನರನ್ನು ಒಟ್ಟುಗೂಡಿಸಿದವರು ಫ್ರಾನ್ಸಿಸ್ ಪೂಲ್. ಯುದ್ಧಕ್ಕೆ ಮುಂಚೆ ಅವರು ಇದೇ ದ್ವೀಪದಲ್ಲಿ ಇಂಪೀರಿಯಲ್ ಏರ್‌ವೇಸ್‌ನ ನೀರ್ವಿಮಾನಗಳ ನಿಲ್ದಾಣ ನೋಡಿಕೊಳ್ಳುತ್ತಿದ್ದವರು, ಜನರ ಪರಿಚಯವಿತ್ತು. ಇವರ ಹೆಸರು ಎಲ್ಲ ಕಡೆ ಬರುತ್ತದೆ. ಪಾದ್ರಿಯ ಹೆಂಡತಿ ಮಾತ್ರ ಎಲ್ಲೂ ಇಲ್ಲ.

ಇದಕ್ಕೆ ಕಾರಣ ಭಯ. ಜೂನ್ 3ರಂದೇ ಜರ್ಮನರು ಕಾಂಡಾನೋಸ್ ಎಂಬ ಊರನ್ನು ನೆಲಸಮ ಮಾಡಿದ್ದರು. ಪ್ರೆವೆಲಿ ಮಠವನ್ನೂ ಆಮೇಲೆ ದೋಚಿದರು. ಹೆಸರು ಶತ್ರುವಿನ ಕೈಗೆ ಸಿಕ್ಕರೆ ಮನೆಮಂದಿಯೆಲ್ಲ ಸಾಯಬೇಕು. ಹಾಗಾಗಿ ಎಂಐ9 ನೆರವಾದವರ ಹೆಸರುಗಳನ್ನು ಮುಖ್ಯ ವರದಿಯಲ್ಲಿ ಹಾಕದೆ ಬೇರೆ ಅನುಬಂಧದಲ್ಲಿ ಇಡುತ್ತಿತ್ತು. ನನ್ನ ಫೈಲಿನಲ್ಲಿ ಆ ಹಾಳೆ ಇರಲಿಲ್ಲ.

ಇಲ್ಲಿಂದ ಮುಂದೆ ನಾನು ಎಸ್‌ಒಇಯ, ಅಂದರೆ ಶತ್ರುವಿನ ನೆಲದಲ್ಲಿ ಗುಟ್ಟಾಗಿ ಕೆಲಸ ಮಾಡುತ್ತಿದ್ದ ಬ್ರಿಟಿಷ್ ಸಂಸ್ಥೆಯ, ಗ್ರೀಸ್ ಕಡತಗಳಿಗೆ, ಅಂದರೆ ಎಚ್‌ಎಸ್ 5 ಸರಣಿಗೆ ಹೋದೆ. ಸೈನಿಕರನ್ನು ಅಡಗಿಸಿದ ಮನೆಗಳು, ದಾಟಿಸಿದ ಕುರುಬರ ದಾರಿಗಳು ಆಮೇಲೆ ಎಸ್‌ಒಇ ಕೆಲಸಕ್ಕೂ ಬಂದವು. 1944ರ ಏಪ್ರಿಲ್ 26ರಂದು ಜರ್ಮನ್ ಜನರಲ್ ಕ್ರೈಪೆಯನ್ನು ಅಪಹರಿಸಿದ ಎಸ್‌ಒಇ ಅಧಿಕಾರಿಗಳಾದ ಲೀ ಫರ್ಮರ್ ಮತ್ತು ಮಾಸ್ ಅವನನ್ನು ಪ್ಸಿಲೋರಿಟಿಸ್ ಬೆಟ್ಟ ದಾಟಿಸಿ, ಪ್ರೆವೆಲಿಗಿಂತ ಪಶ್ಚಿಮಕ್ಕಿರುವ ರೋಡಾಕಿನೋದಿಂದ ಮೇ 14ರಂದು ದೋಣಿ ಹತ್ತಿಸಿದರು. ಎಲ್ಲರೂ ಈ ಸಾಹಸವನ್ನೇ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ, ದಾರಿಯುದ್ದಕ್ಕೂ ರೊಟ್ಟಿ ಕೊಟ್ಟವರು. 1946ರಲ್ಲಿ ಎಸ್‌ಒಇ ಕಚೇರಿಯಲ್ಲಿ ಬೆಂಕಿ ಬಿದ್ದು ಎಷ್ಟೋ ಕಾಗದ ಸುಟ್ಟುಹೋದವು. ಉಳಿದಿದ್ದರಲ್ಲೇ ಹುಡುಕಬೇಕು.

ಒಂದು ಸುಳಿವು ಮಾತ್ರ ಗಟ್ಟಿಯಾಗಿದೆ. ಗ್ರೀಸಿನ ಹಳ್ಳಿ ಪಾದ್ರಿಗಳಲ್ಲಿ ಸಂಸಾರಸ್ಥರೇ ಜಾಸ್ತಿ, ಹಾಗಾಗಿ ‘ಪಾದ್ರಿಯ ಹೆಂಡತಿ’ ಅಂದ ಮಾತ್ರಕ್ಕೆ ಊರು ಗೊತ್ತಾಗುವುದಿಲ್ಲ. ಆದರೆ ಚಿಕ್ಕ ಊರಿಗೆ ಸಾಮಾನ್ಯವಾಗಿ ಪಾದ್ರಿ ಒಬ್ಬರೇ. ಸಿಪಾಯಿ ನಡೆದ ದಾರಿಯನ್ನು ನಕ್ಷೆಯಲ್ಲಿ ಹಿಂದಕ್ಕೆ ಎಳೆದರೆ ಅಮಾರಿ ಕಣಿವೆಯ ಕೆಲವೇ ಹಳ್ಳಿಗಳು ಉಳಿಯುತ್ತವೆ. ಆ ಊರುಗಳಲ್ಲಿ ಆಗ ಪಾದ್ರಿ ಯಾರಿದ್ದರು ಅನ್ನುವುದನ್ನು ಈಗ ಪತ್ರ ಬರೆದು ಕೇಳುತ್ತಿದ್ದೇನೆ. ಎರಡು ಬೇರೆ ಬೇರೆ ಮೂಲಗಳು ಒಂದೇ ಮಾತು ಹೇಳುವ ತನಕ, ಮನೆಯವರ ಒಪ್ಪಿಗೆ ಸಿಗುವ ತನಕ, ಆಕೆಯ ಹೆಸರನ್ನು ಎಲ್ಲೂ ಬರೆಯುವುದಿಲ್ಲ.