ಗಾಳಿಯನ್ನಷ್ಟೇ ಹುಡುಕಬೇಡಿ: ನೆಕ್ರೊಟೈಸಿಂಗ್ ಫ್ಯಾಶಿಯೈಟಿಸ್‌ನಲ್ಲಿ ಸಿಟಿ ಓದುವ ಕ್ರಮ

ಮಧುಮೇಹವಿರುವ ರೋಗಿಯೊಬ್ಬರು ಕಾಲಿನ ಬಾವಿನೊಂದಿಗೆ ಬಂದು, ಚರ್ಮದ ಕೆಂಪಿಗೆ ತಾಳೆಯಾಗದಷ್ಟು ತೀವ್ರವಾದ ನೋವನ್ನು ಹೇಳುತ್ತಿದ್ದರೆ, ಅದನ್ನು ಸೆಲ್ಯುಲೈಟಿಸ್ (ಚರ್ಮ ಮತ್ತು ಅದರಡಿಯ ಕೊಬ್ಬಿನ ಸೋಂಕು) ಎಂದು ಬಗೆಯುವ ಮೊದಲು ನೆಕ್ರೊಟೈಸಿಂಗ್ ಫ್ಯಾಶಿಯೈಟಿಸ್ (ಸ್ನಾಯುಗಳನ್ನು ಸುತ್ತುವ ಫ್ಯಾಶಿಯಾ ಎಂಬ ಪದರವನ್ನು ಕೊಲ್ಲುತ್ತಾ ವೇಗವಾಗಿ ಹರಡುವ ಸೋಂಕು) ಇರಬಹುದೇ ಎಂದು ಕೇಳಿಕೊಳ್ಳಬೇಕು. ರಕ್ತದೊತ್ತಡ ಕುಸಿಯುತ್ತಿದ್ದು, ಚರ್ಮ ಕಪ್ಪಾಗಿ ಗುಳ್ಳೆ ಎದ್ದಿದ್ದರೆ ಸ್ಕ್ಯಾನ್‌ಗಾಗಿ ಕಾಯುವುದೇ ತಪ್ಪು. ಅಂಥವರು ನೇರವಾಗಿ ಶಸ್ತ್ರಚಿಕಿತ್ಸೆಗೆ ಹೋಗಬೇಕು. ಸಿಟಿ ಸ್ಕ್ಯಾನ್ ನೆರವಾಗುವುದು ಅನುಮಾನವಿದ್ದೂ ನಿರ್ಧಾರವಾಗದ, ಸ್ಥಿತಿ ಸ್ಥಿರವಾಗಿರುವ ರೋಗಿಗಳಲ್ಲಿ.

ಸೋಂಕು ಫ್ಯಾಶಿಯಾ ಪದರದ ಗುಂಟ ಚರ್ಮದ ಕೆಂಪನ್ನು ದಾಟಿ ಹರಡಿರುತ್ತದೆಯಾದ್ದರಿಂದ ಸ್ಕ್ಯಾನಿನ ವ್ಯಾಪ್ತಿ ಧಾರಾಳವಾಗಿರಲಿ. ಜನನಾಂಗದ ಸುತ್ತ ಆರಂಭವಾಗುವ ಫೋರ್ನಿಯರ್ ಗ್ಯಾಂಗ್ರೀನ್‌ನಲ್ಲಿ ಹೊಟ್ಟೆಯಿಂದ ತೊಡೆಯ ಮೇಲ್ಭಾಗದವರೆಗೆ ತೆಗೆಯಬೇಕು. ಮೂಲವು ಗುದದ್ವಾರದ ಪಕ್ಕದ ಕೀವುಗಟ್ಟಾಗಿರಬಹುದು. ಕಾಂಟ್ರಾಸ್ಟ್ (ರಕ್ತ ಹರಿಯುವ ಅಂಗಾಂಶವನ್ನು ಚಿತ್ರದಲ್ಲಿ ಬೆಳಗಿಸುವ ಔಷಧ) ರಕ್ತನಾಳಕ್ಕೆ ಕೊಟ್ಟು ಸುಮಾರು 70 ಸೆಕೆಂಡಿಗೆ ತೆಗೆದ ಚಿತ್ರ ಹೆಚ್ಚು ಹೇಳುತ್ತದೆ. ಮೂತ್ರಪಿಂಡದ ಕಾರಣಕ್ಕೆ ಅದು ಸಾಧ್ಯವಾಗದಿದ್ದರೂ ಬ್ಯಾಕ್ಟೀರಿಯಾ ಉಂಟುಮಾಡುವ ಗಾಳಿ (ಅನಿಲ) ಮತ್ತು ದ್ರವ ಇದ್ದರೆ ಕಾಣಿಸಿಯೇ ಕಾಣಿಸುತ್ತವೆ.

ಓದುವಾಗ ಮೊದಲು ಲಂಗ್ ವಿಂಡೋಗೆ (ಶ್ವಾಸಕೋಶ ನೋಡಲು ಬಳಸುವ, ಗಾಳಿಯನ್ನು ಕೊಬ್ಬಿನಿಂದ ಬೇರ್ಪಡಿಸಿ ತೋರಿಸುವ ಕಪ್ಪು-ಬಿಳುಪಿನ ಹೊಂದಿಕೆ) ಬದಲಿಸಿ. ಮೃದು ಅಂಗಾಂಶದ ವಿಂಡೋದಲ್ಲಿ, ಸಿಟಿಯ ಸಾಂದ್ರತೆಯ ಅಳತೆಯಲ್ಲಿ ಸುಮಾರು −100 ಹೌನ್ಸ್‌ಫೀಲ್ಡ್‌ನ ಕೊಬ್ಬೂ −1000ದ ಹತ್ತಿರದ ಗಾಳಿಯೂ ಕಪ್ಪಾಗಿಯೇ ಕಾಣುವುದರಿಂದ ಸಣ್ಣ ಗುಳ್ಳೆಗಳು ಕಣ್ತಪ್ಪುತ್ತವೆ. ಇತ್ತೀಚಿನ ಶಸ್ತ್ರಚಿಕಿತ್ಸೆಯಾಗಲಿ ತೆರೆದ ಗಾಯವಾಗಲಿ ಇಲ್ಲದೆ ಆಳದ ಫ್ಯಾಶಿಯಾದ ಗುಂಟ ಗಾಳಿ ಕಂಡರೆ ರೋಗನಿರ್ಣಯ ಬಹುತೇಕ ಮುಗಿದಂತೆ. ಆದರೆ ನನಗೆ ಹೆಚ್ಚು ಆತಂಕ ತರುವುದು ಗಾಳಿಯಿಲ್ಲದ ಸ್ಕ್ಯಾನ್. ಗುಂಪು ಎ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದಾದ ಸೋಂಕಿನಲ್ಲಿ ಗಾಳಿ ಇರದಿರುವುದೇ ಹೆಚ್ಚು, ಮತ್ತು ವರದಿಯಲ್ಲಿ “ಗಾಳಿ ಇಲ್ಲ” ಎಂಬ ಎರಡು ಪದಗಳನ್ನು ಓದಿದವರು ನಿರಾಳರಾಗಿಬಿಡುವ ಅಪಾಯವಿದೆ. ಆದ್ದರಿಂದ ಸ್ನಾಯುಗಳ ನಡುವಿನ ಆಳದ ಪದರವನ್ನು ಒಂದೊಂದಾಗಿ ಅನುಸರಿಸಿ, ಇನ್ನೊಂದು ಕಾಲಿನೊಂದಿಗೆ ಹೋಲಿಸಿ: ಅದು ದಪ್ಪವಾಗಿದೆಯೇ, ಅದರ ಗುಂಟ ದ್ರವ ಹರಿದಿದೆಯೇ, ಕಾಂಟ್ರಾಸ್ಟ್ ಹೀರದೆ ಉಳಿದಿದೆಯೇ? ಕಾಂಟ್ರಾಸ್ಟ್ ಹೀರದ ಫ್ಯಾಶಿಯಾ ಎಂದರೆ ರಕ್ತ ತಲುಪದ, ಸತ್ತಿರಬಹುದಾದ ಅಂಗಾಂಶ. ಸೆಲ್ಯುಲೈಟಿಸ್‌ನಲ್ಲಿ ಬದಲಾವಣೆ ಸಾಮಾನ್ಯವಾಗಿ ಚರ್ಮ ಮತ್ತು ಅದರಡಿಯ ಕೊಬ್ಬಿಗೆ ಸೀಮಿತ. ಕೀವುಗಟ್ಟಿಗೆ ಹೊಳೆಯುವ ಅಂಚಿರುತ್ತದೆ. ಹೃದಯ ವೈಫಲ್ಯದ ಊತದಲ್ಲೂ ಪದರಗಳಲ್ಲಿ ದ್ರವ ಸೇರಬಹುದು, ಆದರೆ ಅದು ಸಾಮಾನ್ಯವಾಗಿ ಎರಡೂ ಕಾಲುಗಳಲ್ಲಿರುತ್ತದೆ.

ಆತಂಕದ ಚಿಹ್ನೆ ಕಂಡರೆ ವರದಿ ಟೈಪ್ ಆಗುವವರೆಗೆ ಕಾಯದೆ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ, ಸೋಂಕು ಮೇಲೆ ಕೆಳಗೆ ಎಲ್ಲಿಯವರೆಗಿದೆ ಎಂಬುದನ್ನು ಮೂಳೆಯ ಗುರುತುಗಳ ಆಧಾರದಲ್ಲಿ ತಿಳಿಸಬೇಕು. ಸ್ಕ್ಯಾನ್ ಸಹಜವಾಗಿದ್ದೂ ನೋವು ಏರುತ್ತಿದ್ದರೆ, ಸಣ್ಣದಾಗಿ ಕೊಯ್ದು ಫ್ಯಾಶಿಯಾವನ್ನು ಬೆರಳಿನಿಂದ ಪರೀಕ್ಷಿಸುವಂತೆ ಅವರನ್ನು ಕೇಳಬೇಕು. ಪದರಗಳು ತಡೆಯಿಲ್ಲದೆ ಬಿಡಿಸಿಕೊಂಡು, ಪಾತ್ರೆ ತೊಳೆದ ನೀರಿನಂಥ ದ್ರವ ಬಂದರೆ ಅದೇ ಉತ್ತರ.