ಪುಟ್ಟ ರತ್ನಗಂಬಳಿಯ ಅಂಚು: ಸೂಜಿಗೆ ಮೊದಲು ಲೆಕ್ಕ

ದಸರೆಯ ಗೊಂಬೆಗಳ ಕೆಳಮೆಟ್ಟಿಲಲ್ಲಿ ಪುಟ್ಟ ಮಂಚ, ಕುರ್ಚಿ ಜೋಡಿಸುವವರಿಗೆ ಅವುಗಳ ಅಡಿಗೆ ಹಾಸಲು ಅಂಗೈಯಗಲದ ರತ್ನಗಂಬಳಿಯೊಂದು ಬೇಕೆನಿಸುತ್ತದೆ. ಹೋದ ವರ್ಷ ಹಾಸನದ ನಮ್ಮ ಮನೆಗೆ ನಾನೇ ಒಂದನ್ನು ಹೊಲಿಯಲು ಕುಳಿತೆ. ಎಡಮೂಲೆಯಿಂದ ಹೂ ಹಾಕುತ್ತ ಹೊರಟವಳಿಗೆ ಅಗಲದ ಬದಿ ಮುಗಿಯುವಾಗ ಕೊನೆಯ ಹೂವಿನ ಒಂದು ಎಸಳಿಗೆ ಜಾಗ ಸಾಲಲಿಲ್ಲ. ಒಂದೇ ಒಂದು ಹೊಲಿಗೆಯಷ್ಟು ಕೊರತೆ! ಮೂರು ಸಂಜೆಯ ಕೆಲಸವನ್ನು ಬಿಚ್ಚಬೇಕಾಯಿತು. ನಿಮಗೆ ಹಾಗಾಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಗೊಂಬೆಮನೆಯ ಸಾಮಾನುಗಳಿಗೆ ಸಾಮಾನ್ಯವಾಗಿ ಒಂದು ಅಡಿಗೆ ಒಂದು ಇಂಚಿನ ಅಳತೆ. 6 ಅಡಿ ಉದ್ದ, 4 ಅಡಿ ಅಗಲದ ಕಂಬಳಿ ಇಲ್ಲಿ 6 ಇಂಚು, 4 ಇಂಚು. ಇಂಚಿಗೆ 18 ಚೌಕ ಬರುವ ಮ್ಯಾಟಿ ಬಟ್ಟೆ ತನ್ನಿ. ಅಂಗಡಿಯಲ್ಲೇ ಸ್ಕೇಲ್ ಇಟ್ಟು ಎಣಿಸಿ ನೋಡುವುದು ಒಳ್ಳೆಯದು. ಸುತ್ತಲೂ ಒಂದು ಇಂಚು ಹೆಚ್ಚು ಬಿಟ್ಟು ಕತ್ತರಿಸಿ. ಆರೆಳೆಯ ದಾರದಲ್ಲಿ ಎರಡೆಳೆ ಸಾಕು. ಒಂದು ಹೊಲಿಗೆ ಕೂರುವ ಚೌಕವನ್ನು ‘ಮನೆ’ ಎನ್ನೋಣ.

ಈಗ ಲೆಕ್ಕ. ಇದನ್ನು ಗ್ರಾಫ್ ಹಾಳೆಯ ಮೇಲೆ ಮಾಡಿ. ಹೂವಿಗೆ 7 ಮನೆ, ಎರಡು ಹೂವುಗಳ ನಡುವೆ 1 ಮನೆ ಖಾಲಿ. ಹೂಸಾಲಿನ ಹೊರಗೊಂದು, ಒಳಗೊಂದು ಗೆರೆ. ಅಲ್ಲಿಗೆ ಅಂಚಿನ ಅಗಲ 9 ಮನೆ, ಪ್ರತಿ ಮೂಲೆಯೂ 9 ಮನೆಯ ಚೌಕ. 6 ಇಂಚಿಗೆ 108 ಮನೆ. ಎರಡು ಮೂಲೆಗಳ 18 ಕಳೆದರೆ 90. ಆದರೆ 11 ಹೂಗಳಿಗೆ ಬೇಕಾದದ್ದು 77, ನಡುವಿನ ಖಾಲಿಗೆ 10, ಒಟ್ಟು 87. ಅಗಲದಲ್ಲಿ 72ರಿಂದ 18 ಕಳೆದರೆ 54, ಬೇಕಾದದ್ದು 7 ಹೂಗಳಿಗೆ 55. ನನ್ನ ಎಸಳು ಹೋದದ್ದು ಇಲ್ಲೇ. ಹೂವನ್ನು ಹಿಗ್ಗಿಸಿ ಕುಗ್ಗಿಸಿ ಸರಿಪಡಿಸಲು ಹೋಗಬೇಡಿ, ಕಂಬಳಿಯ ಅಳತೆಯನ್ನೇ ಬದಲಿಸಿ: 105 ಮನೆ ಉದ್ದ, 73 ಮನೆ ಅಗಲ. ಇಂಚಿನಲ್ಲಿ ಆಗುವ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ತುಂಡಾದ ಹೂ ಮಾತ್ರ ದೂರದಿಂದಲೂ ಕಾಣುತ್ತದೆ.

ಹೂಗಳ ಸಂಖ್ಯೆ ಎರಡೂ ಬದಿಗೆ ಬೆಸವಾಗಿರುವುದು ಬೇಕೆಂದೇ. ಆಗ ಪ್ರತಿ ಬದಿಯ ನಟ್ಟನಡುವೆ ಒಂದು ಹೂ ಕೂರುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಅಡಿಭಿತ್ತಿಯಲ್ಲಿ ಆನೆ, ಸಿಂಹಗಳ ಸಾಲಿನ ಮೇಲೆ ಹರಿಯುವ ಬಳ್ಳಿಯ ಪಟ್ಟಿಕೆ ಇದೆಯಲ್ಲ, ಅಂಥ ಬಳ್ಳಿಯನ್ನು ಹೊಲಿಯುವ ಆಸೆಯಿದ್ದರೂ ಇದೇ ಲೆಕ್ಕ ಹಿಡಿಯಿರಿ. ಹೂವಿನ ಬದಲು ಒಂದೊಂದು ಬಳುಕು. ಬಳುಕುಗಳು ಬೆಸವಾದರೆ ಬಳ್ಳಿ ಎರಡೂ ಮೂಲೆಗಳನ್ನು ಒಂದೇ ರೀತಿಯಲ್ಲಿ ಮುಟ್ಟುತ್ತದೆ.

ಬಟ್ಟೆಯ ಮೇಲೆ ಪೆನ್ನಿನ ಗುರುತು ಬೇಡ, ಒದ್ದೆಯಾದರೆ ಶಾಯಿ ಹರಡುತ್ತದೆ. ಬೇರೆ ಬಣ್ಣದ ದಾರದಲ್ಲಿ ಹತ್ತು ಹತ್ತು ಮನೆಗೆ ಕಚ್ಚಾ ಹೊಲಿಗೆ ಹಾಕಿ. ಉದ್ದದಲ್ಲಿ 53ನೆಯದು, ಅಗಲದಲ್ಲಿ 37ನೆಯದು ನಡುಮನೆ, ಅಲ್ಲಿಗೂ ಗುರುತಿರಲಿ. ಮೊದಲು ಒಳಗೆರೆಯನ್ನು ಮಾತ್ರ, ಗುಣಾಕಾರದ ಗುರುತಿನಂತೆ ಎರಡು ಓರೆ ಎಳೆ ಒಂದರ ಮೇಲೊಂದು ಹಾಯುವ ಕ್ರಾಸ್ ಸ್ಟಿಚ್‌ನಲ್ಲಿ ಸುತ್ತಲೂ ಹೊಲಿಯಿರಿ. ಹೊರಟ ಮನೆಗೇ ಬಂದು ಸೇರಿತೇ? ಎಣಿಕೆ ಸರಿಯಿದೆ. ಒಂದು ಮನೆ ಆಚೀಚೆ ಆಗಿದ್ದರೆ ಈಗಲೇ ಬಿಚ್ಚಿ. ಗೆರೆಯೊಂದನ್ನು ಬಿಚ್ಚುವುದು ಅರ್ಧ ಗಂಟೆಯ ಕೆಲಸ.

ಬಳಿಕ ನಾಲ್ಕು ಮೂಲೆಯ ಹೂಗಳು. ಅವಕ್ಕೆ ನಾಲ್ಕು ದಿಕ್ಕಿಗೂ ಒಂದೇ ತರಹ ಕಾಣುವ, ನಡುವೆ ಒಂದು ಮನೆಯ ಹಳದಿ ಕಣ್ಣಿರುವ ಹೂ ಆರಿಸಿ. ಆಮೇಲೆ ಪ್ರತಿ ಬದಿಯ ನಡುಹೂ, ಅಲ್ಲಿಂದ ಎರಡೂ ಕಡೆಗೆ ಉಳಿದವು. ಅಡ್ಡಹಾಯುವ ಮೇಲಿನ ಎಳೆ ಕಂಬಳಿಯುದ್ದಕ್ಕೂ ಒಂದೇ ದಿಕ್ಕಿಗೆ ಬಾಗಲಿ. ಬಟ್ಟೆ ತಿರುಗಿಸಿ ಹಿಡಿದಾಗ ಇದೇ ತಪ್ಪುತ್ತದೆ. ತಪ್ಪಿದ ಬದಿ ಬೆಳಕಿಗೆ ಬೇರೆಯೇ ಬಣ್ಣವಾಗಿ ಕಾಣುತ್ತದೆ. ಕೊನೆಗೆ ಹೊರಗೆರೆ ಹೊಲಿದು, ಹೂಗಳ ಹಿಂದಿನ ನೆಲವನ್ನು ಕಾಫಿ ಹಣ್ಣಿನ ಕೆಂಪಿನಲ್ಲಿ ತುಂಬಿ. ಒಳಗೆ 87 ಮನೆ ಉದ್ದ, 55 ಮನೆ ಅಗಲದ ಬಯಲು ಉಳಿಯುತ್ತದೆ. ಅಲ್ಲಿ ಏನು ಬೇಕಾದರೂ ಹೊಲಿಯಿರಿ.