ಗರಿಗರಿ ತೋಫು, ಹುಳಿ-ಸಿಹಿ ಸಾಸ್: ನನ್ನ ಅಡುಗೆಮನೆಯ ಅನುಭವ

ಸಂಜೆಯಾದರೆ ಮಂಡಕ್ಕಿಯ ಜೊತೆ ಬಿಸಿ ಮೆಣಸಿನಕಾಯಿ ಬಜ್ಜಿ ಕೇಳುವ ದಾವಣಗೆರೆಯ ಮನೆಯಲ್ಲಿ ತೋಫುವನ್ನು ಕರಿದು ಬಡಿಸುವುದಾದರೆ ಅದು ಗರಿಗರಿಯಾಗಿ ಇರಲೇಬೇಕು. ಹಾಗಾಗಿ ಈ ಅಡುಗೆಯಲ್ಲಿ ನನ್ನ ಗಮನವೆಲ್ಲ ನೀರಿನ ಮೇಲೆಯೇ ಇರುತ್ತದೆ.

ಸೋಯಾ ಹಾಲನ್ನು ಒಡೆಸಿ, ಒತ್ತಿ ಮಾಡುವ ತೋಫು ನೋಡಲು ಪನೀರಿನಂತೆಯೇ ಇದ್ದರೂ ಅದರಲ್ಲಿ ನೀರಿನಂಶ ಹೆಚ್ಚು. ಗಟ್ಟಿ ತೋಫುವನ್ನೇ ಆರಿಸಿ, 200 ಗ್ರಾಂನಷ್ಟನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೇಲೊಂದು ತಟ್ಟೆಯಿಟ್ಟು, ಅದರ ಮೇಲೆ ನೀರು ತುಂಬಿದ ಪಾತ್ರೆಯನ್ನು ಅರ್ಧ ಗಂಟೆ ಹೇರುತ್ತೇನೆ. ಈ ಕೆಲಸದಲ್ಲಿ ಅವಸರ ಮಾಡಿದರೆ ಎಣ್ಣೆ ಸಿಡಿಯುತ್ತದೆ, ಹಿಟ್ಟೂ ಕಳಚಿಕೊಳ್ಳುತ್ತದೆ.

ಬಜ್ಜಿಗೆ ಕಡಲೆಹಿಟ್ಟು ಸರಿ. ಇದಕ್ಕೆ ಮಾತ್ರ ಕಾರ್ನ್‌ಫ್ಲೋರ್ ಬೇಕು. ನಮ್ಮ ಜಿಲ್ಲೆಯ ಹೊಲಗಳಲ್ಲಿ ಧಾರಾಳವಾಗಿ ಬೆಳೆಯುವ ಮೆಕ್ಕೆಜೋಳದಿಂದ ಬೇರ್ಪಡಿಸುವ ಈ ಪಿಷ್ಟದಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ, ಕರಿದಾಗ ತೆಳುವಾದ, ಮುರಿದರೆ ಸದ್ದಾಗುವ ಪದರ ಬರುತ್ತದೆ. ನೀರಿನಲ್ಲಿ ಕಲಸದೆ, ಉಪ್ಪು ಮತ್ತು ಕಾಳುಮೆಣಸಿನ ಪುಡಿ ಬೆರೆಸಿದ ಮೂರು ಚಮಚ ಒಣ ಹಿಟ್ಟಿನಲ್ಲಿ ತೋಫು ತುಂಡುಗಳನ್ನು ಹೊರಳಿಸಿ, ಕೂಡಲೇ ಎಣ್ಣೆಗೆ ಬಿಡುತ್ತೇನೆ.

ಕರಿಯುವುದು ಎರಡು ಸಲ. ಮೊದಲು ಮಧ್ಯಮ ಉರಿಯಲ್ಲಿ, ಒಂದಕ್ಕೊಂದು ಅಂಟದಂತೆ, ಮೇಲ್ಭಾಗ ಬಿಗಿಯಾಗುವವರೆಗೆ ಕರಿದು ತೆಗೆಯಬೇಕು; ಎರಡನೆಯ ಸಲ ಉರಿ ಹೆಚ್ಚಿಸಿ ಒಂದೆರಡು ನಿಮಿಷ ಸಾಕು. ಕಾರ್ನ್‌ಫ್ಲೋರ್ ಬಜ್ಜಿಯಷ್ಟು ಕೆಂಪಾಗುವುದಿಲ್ಲವಾದ್ದರಿಂದ ಬಣ್ಣಕ್ಕಾಗಿ ಕಾಯಬಾರದು. ಎಣ್ಣೆಯ ಗುಳ್ಳೆಗಳು ಸಣ್ಣದಾಗಿ ವಿರಳವಾಗುತ್ತವೆ, ಜಾಲರಿ ಸೌಟಿನಲ್ಲಿ ಎತ್ತಿ ಅಲುಗಿಸಿದರೆ ತುಂಡುಗಳು ಕಟಕಟ ಎನ್ನುತ್ತವೆ, ಆಗ ತೆಗೆಯಬೇಕು.

ಸಾಸಿಗೆ ಎರಡೆರಡು ಚಮಚ ವಿನೆಗರ್, ಸಕ್ಕರೆ, ಟೊಮೆಟೊ ಸಾಸ್, ಒಂದು ಚಮಚ ಸೋಯಾ ಸಾಸ್ ಮತ್ತು ಅರ್ಧ ಬಟ್ಟಲು ನೀರು. ಶುಂಠಿ, ಬೆಳ್ಳುಳ್ಳಿ, ಈರುಳ್ಳಿ, ದೊಣ್ಣೆಮೆಣಸಿನಕಾಯಿಯನ್ನು ದೊಡ್ಡ ಉರಿಯಲ್ಲಿ ಬಾಡಿಸಿ ಈ ಮಿಶ್ರಣ ಸುರಿದು, ಕುದಿ ಬಂದಾಗ ನೀರಿನಲ್ಲಿ ಕದಡಿದ ಒಂದು ಸಣ್ಣ ಚಮಚ ಕಾರ್ನ್‌ಫ್ಲೋರ್ ಹಾಕಿದರೆ ಸಾಸ್ ಹೊಳಪಾಗಿ ಸೌಟಿಗೆ ಅಂಟುತ್ತದೆ. ಹುಣಸೆಹಣ್ಣು, ಬೆಲ್ಲ ಹಾಕಿದರೂ ರುಚಿಯೇ, ಆದರೆ ಅದು ಗೊಜ್ಜಿನ ದಾರಿ ಹಿಡಿಯುತ್ತದೆ. ವಿನೆಗರಿನ ತಿಳಿಯಾದ ಹುಳಿಯೇ ನನಗೆ ಇಷ್ಟ. ಸೋಯಾ ಸಾಸಿನಲ್ಲೇ ಉಪ್ಪಿರುವುದರಿಂದ ರುಚಿ ನೋಡಿಯೇ ಉಪ್ಪು ಹಾಕಬೇಕು.

ಎಲ್ಲರೂ ಊಟಕ್ಕೆ ಕುಳಿತ ಮೇಲೆಯೇ ಒಲೆ ಆರಿಸಿ, ತೋಫುವನ್ನು ಸಾಸಿಗೆ ಹಾಕಿ ಎರಡು ಸಲ ಮಗುಚಿ ಬಡಿಸುತ್ತೇನೆ. ತಡವಾಗಿ ಬರುವವರ ಪಾಲಿನದನ್ನು ಬೆರೆಸದೆ ಬೇರೆ ಬೇರೆಯಾಗಿ ಇಟ್ಟು, ಸಾಸನ್ನು ಚಮಚ ನೀರು ಸೇರಿಸಿ ಬಿಸಿ ಮಾಡಿ, ತೋಫುವನ್ನು ಮತ್ತೊಮ್ಮೆ ಕಾದ ಎಣ್ಣೆಯಲ್ಲಿ ಅರೆ ನಿಮಿಷ ಕರಿದುಕೊಡುತ್ತೇನೆ.